ಮೂರನೆಯ ಪುಟದ ಅಣ್ಣ

ಪ್ರಿಯ ಮಿತ್ರರೆ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಒಂದು ಅಪಘಾತ, ಒಂದು ಕಳ್ಳತನ, ಕೊನೆಗೆ ಬೆಂಕಿ. 12 ಪುಟಗಳಲ್ಲಿ ಇಷ್ಟೆಲ್ಲ ನಡೆದರೂ ನನ್ನ ಎದೆ ಒಮ್ಮೆಯೂ ಢವಗುಟ್ಟಲಿಲ್ಲ. ಆದರೆ ಮೂರನೆಯ ಪುಟದಲ್ಲಿ ನಿಂತುಬಿಟ್ಟೆ. ಮಗಳ ಕಾಲೇಜು ಶುಲ್ಕಕ್ಕೆ ಹಣ ಕೇಳಲೆಂದು ಅಣ್ಣ ತಮ್ಮನ ಮನೆಗೆ ಹೋಗುತ್ತಾನೆ, 'ಸುಮ್ಮನೆ ಬಂದೆ' ಎಂದು ಹೇಳಿ ಹಿಂದಿರುಗುತ್ತಾನೆ. ಎರಡೇ ವಾಕ್ಯ, ಮುಂದಿನ ಸಾಲಿನಲ್ಲಿ ಅಪಘಾತ. ನಿಮ್ಮ ಕಥೆ ಇರುವುದು ಆ ಎರಡು ವಾಕ್ಯಗಳಲ್ಲಿ.

ಅವನು ಏಕೆ ಕೇಳಲಿಲ್ಲ? 'ಸ್ವಾಭಿಮಾನಿ' ಎಂದು ಬರೆದಿದ್ದೀರಿ. ಅದು ಗುಣದ ಹೆಸರು, ಮನುಷ್ಯನಲ್ಲ. ಅಪ್ಪ ತೀರಿಕೊಂಡಾಗ ತನ್ನ ಓದು ಬಿಟ್ಟು ತಮ್ಮನನ್ನು ಓದಿಸಿದವನು ಇವನೇ ಆಗಿದ್ದರೆ? 'ಕೊಟ್ಟವನು ನಾನು' ಎಂಬುದೊಂದೇ ಅವನು ಬಾಳಿನಲ್ಲಿ ಗಳಿಸಿದ ಆಸ್ತಿಯಾಗಿದ್ದರೆ? ಇಂದು ಕೈಚಾಚಿದರೆ ಅದೂ ಹೋಗುತ್ತದೆ. ಚಾಚದಿದ್ದರೆ ತನ್ನ ಓದು ನಿಂತ ಹಾಗೆಯೇ ಮಗಳ ಓದೂ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು, ಯಾವುದನ್ನೂ ಬಿಡಲಾರ. ಓದುಗನ ಉಸಿರು ಬಿಗಿಯಾಗುವುದು ಇಲ್ಲಿ.

ತಮ್ಮನನ್ನು ನೀವು ಜಿಪುಣನನ್ನಾಗಿ ಮಾಡಿದ್ದೀರಿ. ದಯವಿಟ್ಟು ಬೇಡ. ಜಿಪುಣನ ಎದುರು ಅಣ್ಣನಿಗೆ ನಮ್ಮ ಕನಿಕರ ಸಿಗುತ್ತದೆ, ಅಷ್ಟೇ. ಕೊಡಲು ಹಣ ಎಣಿಸಿಟ್ಟುಕೊಂಡು ಕಾಯುತ್ತಿರುವ ತಮ್ಮನನ್ನು ಕೂರಿಸಿ ನೋಡಿ. ಕೇಳದೆ ಕೊಟ್ಟರೆ ಅಣ್ಣ ಮುರಿದುಹೋಗುತ್ತಾನೆಂದು ಅವನಿಗೆ ಗೊತ್ತು. ಅಣ್ಣ ನೀರು ಕುಡಿದು ಲೋಟ ಕೆಳಗಿಡುತ್ತಾನೆ, ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ತುಟಿಗಿಡುತ್ತಾನೆ, ಅದರಲ್ಲಿ ನೀರಿಲ್ಲ. 'ಏನಾದರೂ ವಿಷಯವಿತ್ತೇ?' 'ಏನಿಲ್ಲ, ಈ ಕಡೆ ಬಂದಿದ್ದೆ.' ಡ್ರಾಯರಿನ ಹಿಡಿಯ ಮೇಲಿದ್ದ ಕೈಯನ್ನು ತಮ್ಮ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಇಬ್ಬರೂ ಒಳ್ಳೆಯವರು. ಒಳ್ಳೆಯವರಾದುದರಿಂದಲೇ ಗಂಟು ಬಿಚ್ಚುವುದಿಲ್ಲ.

ಕರ್ಣನನ್ನು ನೆನಪಿಸಿಕೊಳ್ಳಿ. ಅವನ ಹುಟ್ಟಿನ ಗುಟ್ಟನ್ನು ಹೇಳಿ ಕೃಷ್ಣ ರಾಜ್ಯವನ್ನೇ ಮುಂದಿಡುತ್ತಾನೆ. ಕುಂತಿ ತಾನೇ ಬಂದು ಬೇಡುತ್ತಾಳೆ. ಅವನು ದುರ್ಯೋಧನನ ಋಣವನ್ನು ಬಿಡುವುದಿಲ್ಲ, ತಾಯಿಯನ್ನು ಬರಿಗೈಯಲ್ಲಿಯೂ ಕಳುಹಿಸುವುದಿಲ್ಲ: ಅರ್ಜುನನ ಹೊರತು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಾನೆ. ಯುದ್ಧದ ಕೊನೆ ನಮಗೆಲ್ಲ ಗೊತ್ತು. ಆದರೂ ಆ ಮಾತಿನ ನಂತರ ಒಂದೊಂದು ಬಾಣವೂ ಭಾರವಾಗುತ್ತದೆ.

ನನ್ನ ಮೊದಲ ಕಾದಂಬರಿಯ ನಾಯಕನನ್ನು ನಾನು ಬಹಳ ಪ್ರೀತಿಸಿದ್ದೆ. ಅವನಿಂದ ಒಂದು ತಪ್ಪನ್ನೂ ಮಾಡಿಸಲು ಮನಸ್ಸು ಬರಲಿಲ್ಲ, ಕಷ್ಟಗಳನ್ನೆಲ್ಲ ಹೊರಗಿನಿಂದ ತಂದು ಅವನ ತಲೆಯ ಮೇಲೆ ಹಾಕಿದೆ. ಅಂಥವನು ಏಟು ತಿನ್ನಬಲ್ಲ, ಕಥೆಯನ್ನು ಎಳೆಯಲಾರ. ಇದು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು. ನೀವೂ ಅಷ್ಟು ಕಾಯುವುದು ಬೇಡವೆಂದೇ ಈ ಪತ್ರ.

ಅಪಘಾತ ಇರಲೇಬೇಕೆಂದಿದ್ದರೆ ಇರಲಿ, ಆದರೆ ಅದು ಅಣ್ಣ ನುಂಗಿದ ಮಾತಿನಿಂದ ಹುಟ್ಟಲಿ. ಶುಲ್ಕಕ್ಕಾಗಿ ರಾತ್ರಿ ಪಾಳಿಯನ್ನೂ ಒಪ್ಪಿಕೊಂಡು, ನಿದ್ದೆಗೆಟ್ಟು ವಾಹನ ಓಡಿಸಿದವನಿಗೆ ಆದ ಅಪಘಾತ ಬೇರೆ. ದಾರಿಯಲ್ಲಿ ಸುಮ್ಮನೆ ಎದುರಾದ ಲಾರಿ ಬೇರೆ. ಕಳ್ಳತನ, ಬೆಂಕಿ ಎರಡನ್ನೂ ತೆಗೆದುಬಿಡಿ. ಮೀಸೆ, ಅಂಗಿಯ ಬಣ್ಣ, ಎತ್ತರದ ವಿವರಗಳಿಗೆ ಅರ್ಧ ಪುಟ ಕೊಟ್ಟಿದ್ದೀರಿ. ಖಾಲಿ ಲೋಟ ಅವುಗಳಿಗಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ಮಾತು. ಇಡೀ ಕಥೆಯಲ್ಲಿ ಮಗಳು ಬಾಯಿಯನ್ನೇ ತೆರೆದಿಲ್ಲ. ಅಪ್ಪ ಬರಿಗೈಯಲ್ಲಿ ಹಿಂದಿರುಗಿದಾಗ ಬಾಗಿಲು ತೆರೆಯುವವಳು ಅವಳೇ ಅಲ್ಲವೇ? ಚಿಕ್ಕಪ್ಪನ ನಂಬರ್ ಅವಳ ಮೊಬೈಲಿನಲ್ಲಿಯೂ ಇದೆ. ಮತ್ತೆ ಬರೆಯುವಾಗ ಅಲ್ಲಿಂದ ಆರಂಭಿಸಿ ನೋಡಿ. ಬರೆದದ್ದನ್ನು ಕಳುಹಿಸಿ, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿಮ್ಮವ