ಬೆಕ್ಕುಗಳ ಸಂತಾನ ನಿಯಂತ್ರಣಕ್ಕೆ ವಿಜ್ಞಾನದ ಬುನಾದಿ ಇರಲಿ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಪಶುಸಂಗೋಪನಾ ಸಚಿವರಿಗೆ,

ಸಾದರ ವಂದನೆಗಳು.

ನಮ್ಮ ದೇಶದ ಜಾನುವಾರು ಗಣತಿಯಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿಗಳನ್ನಷ್ಟೇ ಅಲ್ಲ, ನಾಯಿ, ಮೊಲ, ಆನೆಗಳನ್ನೂ ಎಣಿಸುತ್ತಾರೆ, ಬೆಕ್ಕನ್ನು ಎಣಿಸುವುದಿಲ್ಲ. 2019ರ ಇಪ್ಪತ್ತನೆಯ ಗಣತಿಯಲ್ಲಿ ಬೀದಿನಾಯಿಗಳಿಗೆ ಪ್ರತ್ಯೇಕ ಲೆಕ್ಕ ಸಿಕ್ಕಿತು, ಬೀದಿಬೆಕ್ಕುಗಳು ಲೆಕ್ಕದ ಹೊರಗೇ ಉಳಿದವು. ಹಾಗಿದ್ದರೂ ಬೆಕ್ಕುಗಳು ಹೆಚ್ಚಾಗಿವೆ ಎಂಬ ದೂರುಗಳು, ಅವುಗಳಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂಬ ಮನವಿಗಳು ಸ್ಥಳೀಯ ಸಂಸ್ಥೆಗಳಿಗೆ ಬರುತ್ತಲೇ ಇವೆ. ಈ ಕೆಲಸವನ್ನು ಸರ್ಕಾರ ಕೈಗೆತ್ತಿಕೊಳ್ಳಲೇಬೇಕು ಎಂದು ನಂಬಿರುವವರಲ್ಲಿ ನಾನೂ ಒಬ್ಬ. ಆದರೆ ನಾಯಿಗಳಿಗಾಗಿ ರೂಪಿಸಿದ ವ್ಯವಸ್ಥೆಯನ್ನೇ ಬೆಕ್ಕುಗಳ ಮೇಲೂ ಹೇರಿದರೆ ಹಣವೂ ಪೋಲಾಗುತ್ತದೆ, ಪ್ರಾಣಿಗಳೂ ನರಳುತ್ತವೆ ಎಂಬುದನ್ನು ತಮ್ಮ ಗಮನಕ್ಕೆ ತರುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಬೆಕ್ಕುಗಳ ವರ್ತನೆ ಮತ್ತು ಯೋಗಕ್ಷೇಮದ ಬಗ್ಗೆ ಹಲವು ದೇಶಗಳಲ್ಲಿ ನಡೆದಿರುವ ಸಂಶೋಧನೆಯಿಂದ ನಾವು ಕಲಿಯಬೇಕಾದದ್ದು ಬಹಳಷ್ಟಿದೆ.

ಮೊದಲಿಗೆ ಇಸ್ರೇಲಿನ ರಿಶೋನ್ ಲೆಜಿಯೋನ್ ನಗರದ ಉದಾಹರಣೆಯನ್ನು ತಮ್ಮ ಮುಂದಿಡುತ್ತೇನೆ. ಅಲ್ಲಿ ಸಂಶೋಧಕರು ಹನ್ನೆರಡು ವರ್ಷಗಳ ಕಾಲ ಬೀದಿಬೆಕ್ಕುಗಳನ್ನು ಎಣಿಸಿದರು. ಮೊದಲ ನಾಲ್ಕು ವರ್ಷ ಯಾವ ಹಸ್ತಕ್ಷೇಪವೂ ಇರಲಿಲ್ಲ; ಮುಂದಿನ ನಾಲ್ಕು ವರ್ಷ ನಗರದ ಅರ್ಧದಷ್ಟು ಪ್ರದೇಶದಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ನಡೆಯಿತು; ಕೊನೆಯ ನಾಲ್ಕು ವರ್ಷ ಇಡೀ ನಗರದಲ್ಲಿ ನಡೆಯಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಅರ್ಧ ನಗರದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಿಂದ ಸಂಖ್ಯೆ ಇಳಿಯಲೇ ಇಲ್ಲ, ಏಕೆಂದರೆ ಪಕ್ಕದ ಪ್ರದೇಶಗಳಿಂದ ಶಸ್ತ್ರಚಿಕಿತ್ಸೆಯಾಗದ ಬೆಕ್ಕುಗಳು ಬಂದು ಸೇರಿಕೊಂಡವು. ಒಂದಕ್ಕೊಂದು ಹೊಂದಿಕೊಂಡ ಪ್ರದೇಶಗಳೆಲ್ಲದರಲ್ಲಿ ಶೇಕಡ 70ಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆಯಾದ ಮೇಲಷ್ಟೇ ಸಂಖ್ಯೆ ವರ್ಷಕ್ಕೆ ಸುಮಾರು ಶೇಕಡ 7ರಂತೆ ಇಳಿಯಿತು. ಆಗಲೂ ಹುಟ್ಟಿದ ಮರಿಗಳು ಮೊದಲಿಗಿಂತ ಹೆಚ್ಚಾಗಿ ಬದುಕುಳಿದು, ಆ ಇಳಿಕೆಯ ಒಂದು ಪಾಲನ್ನು ತುಂಬಿಕೊಟ್ಟವು.

ಇದರ ಅರ್ಥವನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡಬೇಕೆಂದು ಕೋರುತ್ತೇನೆ. ಇಲ್ಲಿ ಇವತ್ತು ಬೆಕ್ಕುಗಳ ಶಸ್ತ್ರಚಿಕಿತ್ಸೆ ಎಂದರೆ ಒಂದು ಬೀದಿಯಲ್ಲಿ ಮೂರು, ಇನ್ನೆಲ್ಲೋ ಎರಡು ಎಂಬಂತೆ, ಕಾಳಜಿಯುಳ್ಳ ಜನ ತಮ್ಮ ಕೈಯಿಂದ ಹಣ ಹಾಕಿ ಮಾಡಿಸುವ ಚದುರಿದ ಕೆಲಸ. ಶಸ್ತ್ರಚಿಕಿತ್ಸೆಯಾದ ಆ ಒಂದೊಂದು ಬೆಕ್ಕಿಗೂ ಇದರಿಂದ ನಿಜವಾದ ಉಪಕಾರವಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಒಟ್ಟು ಸಂಖ್ಯೆ ಇದರಿಂದ ಇಳಿಯುವುದಿಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭದ ಅವಧಿ ಸುಮಾರು ಎರಡು ತಿಂಗಳು ಮಾತ್ರ, ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಇಷ್ಟು ವೇಗವಾಗಿ ಹೆಚ್ಚುವ ಪ್ರಾಣಿಯ ವಿಷಯದಲ್ಲಿ ಅನುದಾನವನ್ನು ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ಸಮನಾಗಿ ಹಂಚುವುದು ನ್ಯಾಯವೆನಿಸಬಹುದು, ಫಲ ಮಾತ್ರ ಸಿಗದು. ಅಕ್ಕಪಕ್ಕದ ಕೆಲವೇ ವಾರ್ಡುಗಳನ್ನು ಆರಿಸಿಕೊಂಡು, ಅಲ್ಲಿ ಕೆಲಸ ಮುಗಿಸಿ, ಆಮೇಲೆ ಗಡಿಯನ್ನು ವಿಸ್ತರಿಸುತ್ತ ಹೋಗುವುದೇ ಸರಿಯಾದ ದಾರಿ.

ಇಟಲಿಯ ರೋಮ್ ನಗರದ ಅನುಭವವೂ ಇಲ್ಲಿ ಮುಖ್ಯ. ಅಲ್ಲಿ 1991ರ ಕಾನೂನು ಬೀದಿಬೆಕ್ಕುಗಳನ್ನು ಕೊಲ್ಲುವುದನ್ನು ನಿಷೇಧಿಸಿ, ಶಸ್ತ್ರಚಿಕಿತ್ಸೆ ಮಾಡಿ ಅವುಗಳ ಜಾಗಕ್ಕೇ ಮರಳಿ ಬಿಡುವ ಕ್ರಮವನ್ನು ತಂದಿತು. ಮುಂದಿನ ಹತ್ತು ವರ್ಷಗಳ ಲೆಕ್ಕ ತೆಗೆದ ಸಂಶೋಧಕರಿಗೆ ಬೆಕ್ಕುಗಳ ಸಂಖ್ಯೆ ಇಳಿದದ್ದೂ ಕಂಡಿತು, ಅದರ ಜೊತೆಗೆ ಮನೆಗಳಿಂದ ತಂದು ಬಿಟ್ಟ ಬೆಕ್ಕುಗಳು ಆ ಇಳಿಕೆಯನ್ನು ಎಷ್ಟರಮಟ್ಟಿಗೆ ಹಿಂದಕ್ಕೆ ಎಳೆಯುತ್ತಿವೆ ಎಂಬುದೂ ಕಂಡಿತು. ನಮ್ಮಲ್ಲಿ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಹತ್ತಿರವೋ, ದೇವಸ್ಥಾನದ ಬಳಿಯೋ, ಊರಾಚೆಯ ತೋಟದಲ್ಲೋ ಬಿಟ್ಟುಬರುವ ರೂಢಿ ಇದೆ. ಬಹಳ ಜನ ಇದನ್ನು ತಪ್ಪೆಂದು ಭಾವಿಸುವುದೂ ಇಲ್ಲ; 'ಎಲ್ಲೋ ಬದುಕಿಕೊಳ್ಳುತ್ತವೆ' ಎನ್ನುತ್ತಾರೆ. ಹೀಗೆ ಬಿಟ್ಟ ಮರಿಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿದವರಿಗೆ ಆ ಮಾತನ್ನು ಸಹಿಸಿಕೊಳ್ಳುವುದು ಕಷ್ಟ. ಆದ್ದರಿಂದ ಸಾಕಿದ ಬೆಕ್ಕುಗಳಿಗೂ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕಡಿಮೆ ಶುಲ್ಕದ ಶಸ್ತ್ರಚಿಕಿತ್ಸೆ ಸಿಗಬೇಕು. ಅದಿಲ್ಲದೆ ಬೀದಿಬೆಕ್ಕುಗಳ ಕಾರ್ಯಕ್ರಮವೊಂದೇ ಸಾಲದು.

ಇನ್ನು ಬೆಕ್ಕನ್ನು ಹಿಡಿದು ತಂದ ಮೇಲೆ ಏನಾಗುತ್ತದೆ ಎಂಬ ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಯ ಹೆಣ್ಣು ಬೆಕ್ಕೊಂದನ್ನು ಶಸ್ತ್ರಚಿಕಿತ್ಸೆಗೆಂದು ಒಂದು ಕೇಂದ್ರಕ್ಕೆ ಒಪ್ಪಿಸಿ, ಮರುದಿನ ನೋಡಲು ಹೋಗಿದ್ದೆ. ಎದುರು ಸಾಲಿನಲ್ಲಿ ನಾಯಿಗಳು ಒಂದೇ ಸಮನೆ ಬೊಗಳುತ್ತಿದ್ದವು. ನಾಲ್ಕೂ ಕಡೆ ತೆರೆದ ಕಂಬಿಯ ಬೋನಿನಲ್ಲಿ, ಮಲ ಮಾಡಲು ಇಟ್ಟಿದ್ದ ಮರಳಿನ ತಟ್ಟೆಯೊಳಗೇ ಅದು ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಿವಿಗಳನ್ನು ಚಪ್ಪಟೆ ಮಾಡಿ, ಕಣ್ಣಿನ ಪಾಪೆ ಪೂರ್ತಿ ಅರಳಿಸಿಕೊಂಡು ಕುಳಿತಿತ್ತು. ಇಟ್ಟ ಅನ್ನ ಹಾಗೇ ಇತ್ತು. 'ಪಾಪದ ಬೆಕ್ಕು, ಗಲಾಟೆಯೇ ಮಾಡುವುದಿಲ್ಲ' ಎಂದು ಅಲ್ಲಿನ ಆಳು ಮೆಚ್ಚಿಕೊಂಡೇ ಹೇಳಿದರು. ಅವರದು ಕೆಟ್ಟ ಮನಸ್ಸಲ್ಲ. ಅವರಿಗೆ ಯಾರೂ ಕಲಿಸಿಕೊಟ್ಟಿಲ್ಲ. ಕೆಸ್ಲರ್ ಮತ್ತು ಟರ್ನರ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ, ಬೆಕ್ಕುಗಳ ಒತ್ತಡವನ್ನು ಏಳು ಹಂತಗಳಲ್ಲಿ ಅಳೆಯುವ ಮಾಪನದಲ್ಲಿ ಇಂಥ ಅಲುಗಾಡದ ಭಂಗಿ ಅತಿ ತೀವ್ರ ಭಯದ ಹಂತಗಳಿಗೆ ಸೇರುತ್ತದೆ. ಹೆದರಿದ ನಾಯಿ ಸದ್ದು ಮಾಡಿ ಗಮನ ಸೆಳೆಯಬಹುದು, ಹೆದರಿದ ಬೆಕ್ಕು ಮಾತ್ರ ಹೆಚ್ಚಾಗಿ ಮುದುರಿಕೊಂಡು ಸುಮ್ಮನಾಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದೂ ಅಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಅವಿತುಕೊಳ್ಳಲು ಒಂದು ಪೆಟ್ಟಿಗೆ ಕೊಟ್ಟರು, 9ಕ್ಕೆ ಕೊಡಲಿಲ್ಲ. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ, ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಒತ್ತಡ ಮೊದಲ ಕೆಲವು ದಿನಗಳಲ್ಲೇ ಇಳಿಯಿತು, ಉಳಿದವು ಆ ಸ್ಥಿತಿಗೆ ಬರಲು ಹೆಚ್ಚು ದಿನ ಬೇಕಾಯಿತು. ಅಂಗಡಿಯಲ್ಲಿ ಬಿಸಾಡುವ ರಟ್ಟಿನ ಡಬ್ಬಿಯೇ ಈ ಕೆಲಸಕ್ಕೆ ಸಾಕು. ಉತ್ತರ ಅಮೆರಿಕದ ಒಂಬತ್ತು ಆಶ್ರಯಧಾಮಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ನೆಲದ ವಿಸ್ತೀರ್ಣ ಎಂಟು ಚದರ ಅಡಿಗಿಂತ ಹೆಚ್ಚಿರುವ ಗೂಡುಗಳಲ್ಲಿದ್ದ ಬೆಕ್ಕುಗಳಲ್ಲಿ ಉಸಿರಾಟದ ಸೋಂಕು ಕಡಿಮೆ ಇದ್ದುದು, ಮೊದಲ ವಾರದಲ್ಲಿ ಪದೇ ಪದೇ ಗೂಡು ಬದಲಾಯಿಸಿದ ಬೆಕ್ಕುಗಳಲ್ಲಿ ಅದು ಹೆಚ್ಚಿದ್ದುದು ಕಂಡುಬಂದಿತು. ಅಂದರೆ ಬೆಕ್ಕಿನ ನೆಮ್ಮದಿ ಮತ್ತು ಅದರ ಆರೋಗ್ಯ ಎರಡೂ ಒಂದೇ ವಿಷಯ; ಔಷಧಿಯ ಖರ್ಚೂ ಇದರಿಂದಲೇ ಉಳಿಯುತ್ತದೆ.

ನೋವಿನ ವಿಷಯದಲ್ಲಿಯೂ ಇದೇ ಮಾತು. ಶಸ್ತ್ರಚಿಕಿತ್ಸೆಯಾದ ಬೆಕ್ಕು ನರಳುವುದಿಲ್ಲವಾದ್ದರಿಂದ ಅದಕ್ಕೆ ನೋವಿಲ್ಲ ಎಂದು ಎಷ್ಟೋ ಕಡೆ ತಿಳಿಯುತ್ತಾರೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಬೆಕ್ಕಿನ ಮುಖ ನೋಡಿಯೇ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿತು. ಕಿವಿಗಳು ಎಷ್ಟು ಹೊರಕ್ಕೆ ತಿರುಗಿವೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯೇ, ಮೀಸೆಗಳು ನೆಟ್ಟಗಾಗಿವೆಯೇ, ತಲೆ ಭುಜಕ್ಕಿಂತ ಕೆಳಗೆ ಇಳಿದಿದೆಯೇ ಎಂಬ ಐದು ಲಕ್ಷಣಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡಬೇಕು. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವು ನಿವಾರಕ ಕೊಡುವುದನ್ನು ಪರಿಗಣಿಸಬೇಕು. ಇದಕ್ಕೆ ಯಂತ್ರ ಬೇಕಿಲ್ಲ. ಚಿತ್ರಗಳೊಂದಿಗೆ ಕನ್ನಡದಲ್ಲಿ ಒಂದು ಹಾಳೆ ಮುದ್ರಿಸಿ ಪ್ರತಿ ಕೇಂದ್ರದ ಗೋಡೆಗೆ ಅಂಟಿಸಿದರೆ, ಅಲ್ಲಿ ದಿನವೂ ಬೆಕ್ಕುಗಳಿಗೆ ಊಟ ಹಾಕುವವರೇ ವೈದ್ಯರಿಗೆ ಹೇಳಿ ಔಷಧಿ ಕೊಡಿಸಬಲ್ಲರು.

ಮರಿಗಳ ಬಗ್ಗೆ ಒಂದೇ ಮಾತು. ಎರಡರಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಸುಲಭವಾಗಿ ಮನೆಯ ಬೆಕ್ಕಾಗುತ್ತದೆ ಎಂಬುದು ಹಳೆಯ, ಚೆನ್ನಾಗಿ ಒಪ್ಪಿತವಾದ ಶೋಧನೆ. ಆ ವಯಸ್ಸಿನ ಮರಿಗಳನ್ನು ಬೋನಿನಲ್ಲಿ ಕಾಯಿಸದೆ ಕೂಡಲೇ ಮನೆಗಳಿಗೆ ಸೇರಿಸುವ ವ್ಯವಸ್ಥೆ ಬೇಕು.

ಮಾನ್ಯರೇ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಬೀದರಿನ ವಿಶ್ವವಿದ್ಯಾಲಯ, ಹಾಸನ ಮತ್ತು ಶಿವಮೊಗ್ಗದ ಕಾಲೇಜುಗಳು ತಮ್ಮ ಇಲಾಖೆಯ ನೆರಳಿನಲ್ಲೇ ಇವೆ. ಇವುಗಳಲ್ಲಿ ಒಂದಕ್ಕೆ ಅಕ್ಕಪಕ್ಕದ ಮೂರು ವಾರ್ಡುಗಳನ್ನು ಒಪ್ಪಿಸಿ, ಶಸ್ತ್ರಚಿಕಿತ್ಸೆ ಆರಂಭಿಸುವ ಮೊದಲೇ ಬೆಕ್ಕುಗಳನ್ನು ಎಣಿಸಲು, ಆಮೇಲೆ ಪ್ರತಿ ವರ್ಷ ಅದೇ ವಿಧಾನದಲ್ಲಿ ಎಣಿಸಲು, ಫಲಿತಾಂಶವನ್ನು ಒಳ್ಳೆಯದಿರಲಿ ಕೆಟ್ಟದಿರಲಿ ಸಾರ್ವಜನಿಕರ ಮುಂದಿಡಲು ಆದೇಶಿಸಬೇಕೆಂದು ಕೋರುತ್ತೇನೆ. ಕೇಂದ್ರಗಳಲ್ಲಿ ಬೆಕ್ಕುಗಳಿಗೆ ನಾಯಿಗಳಿಂದ ದೂರದ ಪ್ರತ್ಯೇಕ ಕೋಣೆ ಮತ್ತು ಪ್ರತಿ ಗೂಡಿನಲ್ಲೂ ಅವಿತುಕೊಳ್ಳುವ ಪೆಟ್ಟಿಗೆ ಇರಬೇಕೆಂಬುದನ್ನು ಟೆಂಡರಿನ ಷರತ್ತಾಗಿಯೇ ಸೇರಿಸಬೇಕು. ಮುಂದಿನ ಮುಂಗಡಪತ್ರದ ಸಿದ್ಧತೆ ಶುರುವಾಗುವ ಮೊದಲು ಈ ಪ್ರಸ್ತಾವವನ್ನು ಪಶುವೈದ್ಯರೊಂದಿಗೆ, ಬೀದಿಬೆಕ್ಕುಗಳನ್ನು ನೋಡಿಕೊಳ್ಳುತ್ತಿರುವ ನಾಗರಿಕರೊಂದಿಗೆ ತಾವು ಒಮ್ಮೆ ಚರ್ಚಿಸುವಿರೆಂದು ನಂಬಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಾಗರಿಕ