ಮಗಳಿಗೊಂದು ಪತ್ರ: ಎಂಜಿನ್ನು ಅಲುಗಾಡದ ಹಾಗೆ

ಸೋಮವಾರಪೇಟೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವಷ್ಟರಲ್ಲಿ ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ಮಳೆ ಹಿಡಿದ ಮೇಲೆ ಇಲ್ಲಿ ಅದು ಇದ್ದದ್ದೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆದದ್ದು ಕೈಯಲ್ಲಿದ್ದರೆ ಮೈಸೂರಿನಲ್ಲಿ ಅಂಗಡಿಗೆ ಹೋಗುವಾಗ ನಿನಗೂ ಅನುಕೂಲ, ಅಲ್ವಾ?

ನೀನು ಕಟ್ಟುತ್ತಿರುವ ಮಾದರಿ ವಿಮಾನಕ್ಕೆ ಎಂಜಿನ್ನು ಕೂರಿಸಲು "ಎಲ್ಲಕ್ಕಿಂತ ಗಟ್ಟಿ ಬೋಲ್ಟು ಯಾವುದಪ್ಪ?" ಅಂತ ಕೇಳಿದೆ. ಗಟ್ಟಿತನದ ಚಿಂತೆ ಬಿಡು ಮಗಳೇ. ನಿನ್ನ 46 ಸೈಜಿನ ಎಂಜಿನ್ನು ಅಂದರೆ ಸುಮಾರು 7.5 ಸಿಸಿ. ಸೈಲೆನ್ಸರ್ ಸೇರಿ ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಗ್ರೇಡು ಅಂದರೆ ಬೋಲ್ಟಿನ ಬಲ ಹೇಳುವ ಅಂಕಿ. 8.8 ಗ್ರೇಡಿನ 4 ಮಿಲಿಮೀಟರ್ ಬೋಲ್ಟು ಒಂದೇ ಒಂದನ್ನು ಎಳೆದು ತುಂಡು ಮಾಡಬೇಕಾದರೂ ಸುಮಾರು 700 ಕಿಲೋ ತೂಕ ನೇತುಹಾಕಬೇಕು. ನೀನು ಹಾಕುವುದು ನಾಲ್ಕು. ನಿನ್ನ ಸೀನಿಯರ್ ಹೇಳಿದ, ಇನ್ನೂ ಬಲವಾದ 12.9 ಗ್ರೇಡಿನದು ಒಳ್ಳೆಯ ಬೋಲ್ಟೇ. ಆದರೆ ಅಷ್ಟು ಬಲ ನಿನ್ನ ವಿಮಾನಕ್ಕೆ ಬೇಕಾಗುವುದಿಲ್ಲ. ಬೋಲ್ಟು ಮುರಿದು ಎಂಜಿನ್ನು ಹಾರಿಹೋಗುವುದು ಅಪರೂಪ. ಬೋಲ್ಟು ಸಡಿಲಾಗಿ ಹೋಗುವುದೇ ಜಾಸ್ತಿ. ನೀನು ಏನೇ ಆರಿಸಿದರೂ, ಇದು ಸಡಿಲಾಗದೆ ಉಳಿಯುತ್ತದಾ ಅಂತ ಮೊದಲು ಕೇಳಿಕೋ.

ಸಡಿಲ ಯಾಕಾಗುತ್ತದೆ ಗೊತ್ತಾ? ನಟ್ಟು ಬಿಗಿ ಮಾಡಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಎಳೆದ ರಬ್ಬರ್ ಬ್ಯಾಂಡಿನ ಹಾಗೆ ಅದು ವಾಪಸು ಕುಗ್ಗಲು ನೋಡುತ್ತದೆ. ಆ ಎಳೆತವೇ ಎಂಜಿನ್ನಿನ ಲಗ್ಗನ್ನು, ಅಂದರೆ ಪಕ್ಕಕ್ಕೆ ಚಾಚಿದ ತೂತಿನ ಕಿವಿಯನ್ನು, ಮೌಂಟಿಗೆ, ಅಂದರೆ ಎಂಜಿನ್ನು ಹೊರುವ ತೋಳುಗಳ ಚೌಕಟ್ಟಿಗೆ, ಒತ್ತಿ ಹಿಡಿಯುವುದು. ಒತ್ತಡ ಸಾಕಷ್ಟಿದ್ದರೆ ಲಗ್ಗು ಜಾರುವುದಿಲ್ಲ. ಒತ್ತಡ ಕಡಿಮೆಯಾಗಿ ಲಗ್ಗು ಒಂಚೂರು ಅಡ್ಡಡ್ಡ ಜಾರಲು ಶುರುವಾಯಿತೋ, ಥ್ರೆಡ್ಡು ತಾನೇ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲೇ ಇದನ್ನು ಯಂತ್ರ ಇಟ್ಟು ತೋರಿಸಿಕೊಟ್ಟರು. ಬೋಲ್ಟಿನ ಉದ್ದಕ್ಕೆ ಬರುವ ಕಂಪನಕ್ಕಿಂತ ಅಡ್ಡ ಬರುವ ಕಂಪನವೇ ಬೋಲ್ಟನ್ನು ಬಿಚ್ಚುತ್ತದೆ. ನಿನ್ನ ಎಂಜಿನ್ನು ನಿಮಿಷಕ್ಕೆ 12,000 ಸುತ್ತು ತಿರುಗಿದರೆ, ಟೂ ಸ್ಟ್ರೋಕ್ ಆದ್ದರಿಂದ ಸೆಕೆಂಡಿಗೆ 200 ಸಲ ಹೊಡೆಯುತ್ತದೆ. ಒಂದು ಸಲ ಹಾರಿ ಇಳಿಯುವಷ್ಟರಲ್ಲಿ ಎಷ್ಟು ಸಾವಿರ ಹೊಡೆತ ಅಂತ ನೀನೇ ಲೆಕ್ಕ ಹಾಕು. ನಮ್ಮ ತೋಟದ ವೀಡ್ ಕಟ್ಟರ್‌ನ ಸೈಲೆನ್ಸರ್ ಬೋಲ್ಟು ಬಿಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ.

ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ನಂಬಬೇಡ. ಬಿಗಿ ಮಾಡಿದ ಮೇಲೆ ಅದು ಚಪ್ಪಟೆಯಾಗಿ ಸಾದಾ ವಾಷರ್ ಆಗಿಬಿಡುತ್ತದೆ. ಅಡ್ಡ ಕಂಪನ ತಡೆಯಲು ಅದರಿಂದ ಆಗುವುದಿಲ್ಲ. ನೈಲಾಕ್ ನಟ್ಟು ತಗೋ. ಒಳಗಿನ ನೈಲಾನ್ ಉಂಗುರ ಥ್ರೆಡ್ಡನ್ನು ಅಪ್ಪಿ ಹಿಡಿಯುತ್ತದೆ. ಬಿಚ್ಚಿ ಹಾಕಿ ಮಾಡಿದಾಗೆಲ್ಲ ಆ ಹಿಡಿತ ಕಡಿಮೆಯಾಗುತ್ತಾ ಬರುತ್ತದೆ. ಬೆರಳಿನಲ್ಲೇ ಪೂರ್ತಿ ತಿರುಗುವ ಹಾಗಾದರೆ ಬಿಸಾಡಿ ಹೊಸದು ಹಾಕು.

ಈಗ ಸೈಜು. ಲಗ್ಗಿನ ತೂತಿಗೆ ಬೋಲ್ಟು ಸರಾಗವಾಗಿ ಇಳಿಯಬೇಕು, ಆದರೆ ಒಳಗೆ ಲೊಡಲೊಡ ಅನ್ನಬಾರದು. 15 ಸೈಜಿನ ಸಣ್ಣ ಎಂಜಿನ್ನಿಗೆ 3 ಮಿಲಿಮೀಟರ್ ಸಾಕು. ನಿನ್ನದಕ್ಕೆ ಮೂರೂವರೆ ಅಥವಾ 4 ಬರುತ್ತದೆ. ದಪ್ಪ ಬೋಲ್ಟು ತೂರಿಸುವುದಕ್ಕೆ ಅಂತ ಲಗ್ಗನ್ನು ಕೊರೆಯಲು ಹೋಗಬೇಡ. ಇನ್ನೊಂದು ಮುಖ್ಯ ವಿಷಯ. ಅಮೆರಿಕದ ಮೌಂಟು, ಕಿಟ್ಟುಗಳ ಜೊತೆ ಇಂಚಿನ ಅಳತೆಯ ಬೋಲ್ಟು ಬರುತ್ತವೆ, 6-32, 8-32 ಅಂತ. 8-32 ನೋಡಲು ನಮ್ಮ 4 ಮಿಲಿಮೀಟರಿನ ಹಾಗೇ ಇರುತ್ತದೆ. ಅದರ ನಟ್ಟಿಗೆ ನಮ್ಮ ಬೋಲ್ಟು ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. 8-32ರ ಥ್ರೆಡ್ಡಿನ ಅಂತರ 0.79 ಮಿಲಿಮೀಟರ್, ನಮ್ಮದರದ್ದು 0.7. ಅಲ್ಲಿ ಜೋರು ಮಾಡಿದರೆ ಎರಡರ ಥ್ರೆಡ್ಡೂ ಹೋಗುತ್ತದೆ. ನೈಲಾನ್ ಉಂಗುರ ಮುಟ್ಟುವ ಮೊದಲೇ ಬೋಲ್ಟು ಬೆರಳಿನಲ್ಲಿ ತಿರುಗದೆ ಕಚ್ಚಿಕೊಂಡರೆ ನಿಲ್ಲಿಸಿ ನೋಡು. ಅಲೆನ್ ಕೀನೂ ಹಾಗೆಯೇ. 4 ಮಿಲಿಮೀಟರ್ ಅಲೆನ್ ಬೋಲ್ಟಿಗೆ 3ರ ಕೀ ಬೇಕು. ಇಂಚಿನದಕ್ಕೆ ಇಂಚಿನ ಕೀ. ಹತ್ತಿರದ್ದನ್ನು ತುರುಕಿದರೆ ತಲೆಯ ಗುಂಡಿ ಸವೆದು, ಆಮೇಲೆ ಬಿಚ್ಚುವುದಕ್ಕೇ ಬರುವುದಿಲ್ಲ.

ಉದ್ದವನ್ನು ಅಂದಾಜಿನಲ್ಲಿ ತರಬೇಡ, ಅಳೆದುಕೋ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಲಗ್ಗಿನ ದಪ್ಪ 5 ಅಂದುಕೋ. ಮೌಂಟಿನ ತೋಳು 11. ಮೇಲೊಂದು ಕೆಳಗೊಂದು ವಾಷರ್, ಒಂದೊಂದು 0.8, ಅಲ್ಲಿಗೆ 1.6. ನೈಲಾಕ್ ನಟ್ಟು 5. ಒಟ್ಟು 22.6. ನಟ್ಟಿನಿಂದ ಎರಡು ಥ್ರೆಡ್ಡಾದರೂ ಹೊರಗೆ ಕಾಣಬೇಕು, ಅದಕ್ಕೆ 1.4 ಸೇರಿಸು. 24 ಆಯಿತು. ಅಂಗಡಿಯಲ್ಲಿ 20, 25, 30 ಅಂತ ಸಿಗುತ್ತದೆ. 25 ತಗೋ. 20 ಹಾಕಿದರೆ ನೈಲಾನ್ ಉಂಗುರದವರೆಗೆ ಬೋಲ್ಟು ಮುಟ್ಟುವುದೇ ಇಲ್ಲ, ನೈಲಾಕ್ ಹಾಕಿಯೂ ಉಪಯೋಗವಿಲ್ಲ.

ನಿನ್ನ ಮೌಂಟು ನೈಲಾನಿನದ್ದು ಅಂದೆಯಲ್ಲ. ಅದು ಒತ್ತಡಕ್ಕೂ ಬಿಸಿಗೂ ನಿಧಾನವಾಗಿ ತಗ್ಗುತ್ತದೆ. ಅದು ತಗ್ಗಿದಷ್ಟೂ ಬೋಲ್ಟಿನ ಎಳೆತ ಕಡಿಮೆ. ವಾಷರ್ ತಪ್ಪಿಸಬೇಡ. ಮೊದಲ ಸಲ ಎಂಜಿನ್ನು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ನಾಲ್ಕನ್ನೂ ಮತ್ತೆ ನೋಡು. ಮುಂದಿನ ಕೆಲವು ಸಲವೂ ನೋಡು. ಆಮೇಲೆ ಅದು ಒಂದು ಹದಕ್ಕೆ ಬಂದು ನಿಲ್ಲುತ್ತದೆ.

ಮುಂದೆ ಅಲ್ಯೂಮಿನಿಯಂ ಮೌಂಟು ತಂದರೆ ನಟ್ಟಿನ ಬದಲು ಮೌಂಟಿಗೇ ಟ್ಯಾಪ್ ಹೊಡೆಯಬಹುದು, ಅಂದರೆ ಅದರ ತೂತಿನೊಳಗೇ ಥ್ರೆಡ್ಡು ಕೊರೆಯಬಹುದು. 4 ಮಿಲಿಮೀಟರ್ ಬೋಲ್ಟಿಗೆ 3.3ರ ಡ್ರಿಲ್ ಬಿಟ್ ಬೇಕು. ಟ್ಯಾಪಿಗೆ ಸೀಮೆಎಣ್ಣೆ ಹಾಕುತ್ತಾ, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಹೋಗು. ಬೋಲ್ಟು ಕನಿಷ್ಠ 8 ಮಿಲಿಮೀಟರ್ ಒಳಗೆ ಕಚ್ಚಿರಬೇಕು. ಅಲ್ಲಿ ಮಾತ್ರ ನೀಲಿ ಲಾಕ್‌ಟೈಟ್, ಥ್ರೆಡ್ಡು ಹಿಡಿದಿಡುವ ಅಂಟು, ಒಂದು ಹನಿ. ಎಣ್ಣೆ ಪಸೆ ಇದ್ದರೆ ಅದು ಸರಿಯಾಗಿ ಹಿಡಿಯುವುದಿಲ್ಲ, ಅಸಿಟೋನಿನಲ್ಲಿ ಒರೆಸಿಕೋ. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ. ನೈಲಾನ್ ಮೌಂಟಿಗೆ ಲಾಕ್‌ಟೈಟ್ ಹಾಕಲೇಬೇಡ. ಅದು ಲೋಹದ ಮಧ್ಯೆ, ಗಾಳಿ ಇಲ್ಲದ ಕಡೆ ಗಟ್ಟಿಯಾಗುವ ವಸ್ತು. ಕೆಲವು ಪ್ಲಾಸ್ಟಿಕ್ಕುಗಳನ್ನು ಹಾಳೂ ಮಾಡುತ್ತದೆ.

ಮೌಂಟನ್ನು ಹಿಡಿಯುವ ಪ್ಲೈವುಡ್ ಗೋಡೆಯ ಬಗ್ಗೆ ನೀನು ಕೇಳಲೇ ಇಲ್ಲ. ನನಗೆ ಜಾಸ್ತಿ ಭಯ ಇರುವುದೇ ಅಲ್ಲಿ. ಎಂಜಿನ್ನನ್ನು ಎಷ್ಟೇ ಚೆನ್ನಾಗಿ ಕೂರಿಸಿದರೂ ಈ ಗೋಡೆ ಮೆತ್ತಗಾದರೆ ಎಲ್ಲ ವ್ಯರ್ಥ. ಇಂಧನದಲ್ಲಿ ಮೆಥನಾಲ್ ಜೊತೆ ಹರಳೆಣ್ಣೆ ಇರುತ್ತದೆ. ಆ ಎಣ್ಣೆ ಬೋಲ್ಟಿನ ತೂತಿನಿಂದ ಮರಕ್ಕೆ ಇಳಿಯುತ್ತದೆ, ಮರ ಮೆತ್ತಗಾಗುತ್ತದೆ, ಬಿಗಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅದಕ್ಕೆ ತೂತು ಕೊರೆದ ಮೇಲೆ ಅದರ ಒಳಗೋಡೆಗೂ, ಪ್ಲೈವುಡ್ಡಿನ ಅಂಚಿಗೂ ತೆಳ್ಳಗೆ ಎಪಾಕ್ಸಿ ಬಳಿ. ಹಿಂಬದಿಗೆ ಟೀ ನಟ್ಟು ಹಾಕು, ಹಲ್ಲು ಇರುತ್ತದಲ್ಲ, ಅದು. ಸುತ್ತಿಗೆಯಲ್ಲಿ ಹೊಡೆದರೆ ಪ್ಲೈವುಡ್ಡು ಸೀಳಬಹುದು. ಮುಂದಿನಿಂದ ದೊಡ್ಡ ವಾಷರ್ ಹಾಕಿದ ಬೋಲ್ಟು ತೂರಿಸಿ, ಮೆಲ್ಲಗೆ ಬಿಗಿ ಮಾಡುತ್ತಾ ಒಳಗೆ ಎಳೆದುಕೋ. ಹಲ್ಲು ಪೂರ್ತಿ ಇಳಿದ ಮೇಲೆ ಸುತ್ತ ಎಪಾಕ್ಸಿ ಹಚ್ಚು. ಥ್ರೆಡ್ಡಿಗೆ ಮೊದಲೇ ವ್ಯಾಸಲೀನ್ ಸವರಿಟ್ಟರೆ ಅಂಟು ಒಳಗೆ ಸೇರುವುದಿಲ್ಲ.

ಬಿಗಿ ಮಾಡುವಾಗ ಕೀಯ ಉದ್ದ ತೋಳನ್ನು ಬೋಲ್ಟಿನ ತಲೆಗೆ ಹಾಕಿ ಗಿಡ್ಡ ತೋಳನ್ನು ಕೈಯಲ್ಲಿ ಹಿಡಿ. ಕೈಬಲ ಮಿತಿಮೀರುವುದಿಲ್ಲ. ಒಂದನ್ನೇ ಪೂರ್ತಿ ಬಿಗಿ ಮಾಡಿ ಮುಂದಿನದಕ್ಕೆ ಹೋಗಬೇಡ. ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ.

ಇನ್ನು ಲೋಹ ಯಾವುದು ಅಂತ. ಕಪ್ಪು ಬೋಲ್ಟಿಗೆ ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ರಜೆಗೆ ವಿಮಾನ ಇಲ್ಲಿಗೆ ತರುತ್ತೀಯಲ್ಲ, ಅದಕ್ಕೆ ಸ್ಟೇನ್‌ಲೆಸ್ ಒಳ್ಳೆಯದು ಅನ್ನಿಸುತ್ತದೆ. ಎ2-70 ಅಂತ ಕೇಳು. 8.8ಕ್ಕಿಂತ ಸ್ವಲ್ಪ ಕಡಿಮೆ ಬಲ, ನಿನಗೆ ಧಾರಾಳ ಸಾಕು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟೇ ಹಾಕಿದರೆ ಕೆಲವು ಸಲ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಜಿಂಕ್ ಲೇಪದ ಉಕ್ಕಿನ ನೈಲಾಕ್ ಹಾಕು. ಬಾಗಿಲ ಚಿಲಕಕ್ಕೆ ಹಾಕುವ ಗುರುತಿಲ್ಲದ ಬೋಲ್ಟು ಮಾತ್ರ ಬೇಡ. ಅಗ್ಗ ಹೌದು, ಆದರೆ ಬಿಗಿ ಮಾಡುವಾಗಲೇ ಥ್ರೆಡ್ಡು ಎಳೆದುಕೊಂಡು ಹೋಗುವ ಮೆತ್ತನೆ ಕಬ್ಬಿಣ ಅದು.

ಎಂಜಿನ್ನು ಓಡುವಾಗ ಫ್ಯಾನಿನ ಹಿಂದೆ ನಿಲ್ಲು, ಪಕ್ಕಕ್ಕಾಗಲಿ ಮುಂದಕ್ಕಾಗಲಿ ಯಾರನ್ನೂ ಬಿಡಬೇಡ. ಎನ್‌ಸಿಸಿಯಲ್ಲಿ ಹೇಳಿಕೊಟ್ಟಿರುತ್ತಾರೆ, ಆದರೂ ಅಪ್ಪ ಹೇಳಬೇಕಲ್ಲ.

ಅಜ್ಜಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ, ಮೊಮ್ಮಗಳು ಏರ್ ವಿಂಗ್‌ನಲ್ಲಿದ್ದಾಳೆ, ವಿಮಾನ ಕಟ್ಟುತ್ತಿದ್ದಾಳೆ ಅಂತ. 1965ರ ಯುದ್ಧದಲ್ಲಿ ಹೋರಾಡಿದ ವಾಯುಪಡೆಯ ಪೈಲಟ್, ನಮ್ಮ ಅಜ್ಜಮಾಡ ದೇವಯ್ಯನವರ ಕಥೆ ಹೇಳಲು ಅವರಿಗೆ ಈಗ ದಿನವೂ ಒಂದು ನೆಪ ಸಿಕ್ಕಿದೆ. ಅಮ್ಮ ನಿನಗೆ ಕಾಫಿ ಪುಡಿ ಕಟ್ಟಿಟ್ಟಿದ್ದಾಳೆ.

ಭಾನುವಾರ ಫೋನ್ ಮಾಡುವ ಮೊದಲು ಲಗ್ಗಿನ ದಪ್ಪ, ತೋಳಿನ ದಪ್ಪ, ಲಗ್ಗಿನ ತೂತಿನ ಅಗಲ, ಈ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೋ. ಕಾಲೇಜು ವರ್ಕ್‌ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. ತೂತು ಮೂರೂವರೆಯದ್ದಾದರೆ ಬೋಲ್ಟು ಸಿಗುವುದು ಸ್ವಲ್ಪ ಕಷ್ಟ, ಆಗ 6-32 ಹುಡುಕಬೇಕು, ನಟ್ಟು, ಕೀ ಸಮೇತ. ಅಳತೆ ಹೇಳು, ಲೆಕ್ಕ ಮತ್ತೊಮ್ಮೆ ಒಟ್ಟಿಗೆ ಹಾಕೋಣ.

ಪ್ರೀತಿಯಿಂದ,
ಅಪ್ಪ