ಡಬ್ಬಿ ಬಿಚ್ಚು ಗೆಳೆಯಾ

ಗೆಳೆಯಾ,

'ಡಬ್ಬಿ ಕೈಯಲ್ಲಿದೆ ಕಣೋ, ಬಿಚ್ಚೋಕೆ ಧೈರ್ಯ ಬರ್ತಿಲ್ಲ' ಅಂದೆಯಲ್ಲ, ಅದನ್ನು ಕೇಳಿದ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಕೊಟ್ಟಿರುವುದು ಎಚ್‌ಐವಿ ಮಾತ್ರೆ, ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ. ದಿನಕ್ಕೆ ಒಂದು ಸಾಕು. ಊಟಕ್ಕೆ ಮುಂಚೆಯೋ ಆಮೇಲೋ, ನಿನ್ನಿಷ್ಟ.

ನನಗೆ ಎಚ್‌ಐವಿ ಇರುವುದು ಗೊತ್ತಾಗಿದ್ದು 2013ರಲ್ಲಿ. ಸಿಡಿ-4, ಅಂದರೆ ರೋಗ ತಡೆಯುವ ರಕ್ತಕಣಗಳ ಎಣಿಕೆ, 350ಕ್ಕಿಂತ ಜಾಸ್ತಿ ಇತ್ತು, ಹಾಗಾಗಿ ಕಾಯಬೇಕು ಅಂದರು. ಆಗಿನ ನಿಯಮವೇ ಹಾಗಿತ್ತು. ಮರುವರ್ಷ ಶುರುವಾದ ಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು. ರಾತ್ರಿ ನುಂಗಿದರೆ ತಲೆ ತಿರುಗುತ್ತಿತ್ತು, ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದೆ. ತೀರಿಹೋದ ಅಜ್ಜ ಕನಸಿನಲ್ಲಿ ಬಂದು ಹೊಲದ ಲೆಕ್ಕ ಕೇಳುತ್ತಿದ್ದ. ಬೆಳಗ್ಗೆ ಎದ್ದರೂ ಆ ದನಿ ಕಿವಿಯಲ್ಲೇ. ಬಸ್ಸಿನಲ್ಲಿ ಡಬ್ಬಿ ಗಲಗಲ ಅನ್ನಬಾರದು ಅಂತ ಅದಕ್ಕೆ ಹತ್ತಿ ತುರುಕುತ್ತಿದ್ದೆ. ಈಗ ನನಗೂ ಟಿಎಲ್‌ಡಿಯೇ. ಆ ಕನಸುಗಳಿಲ್ಲ. 2017ರಿಂದ ಸಿಡಿ-4 ಎಷ್ಟೇ ಇರಲಿ, ಗೊತ್ತಾದ ಮೇಲೆ ಚಿಕಿತ್ಸೆ ಶುರು. ನಾನು ಕಾಯ್ದ ಹಾಗೆ ನೀನು ಕಾಯಬೇಕಾಗಿಲ್ಲ, ಅದೇ ನನಗೆ ಸಮಾಧಾನ.

ಮೊದಮೊದಲು ತಲೆನೋವು, ವಾಕರಿಕೆ ಬರಬಹುದು. ನಿದ್ದೆ ಕೆಟ್ಟರೆ ಡಾಕ್ಟರಿಗೆ ಹೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿಕೋ. ನೀನು ಗ್ಯಾಸ್ಟ್ರಿಕ್ ಅಂತ ಆಗಾಗ ಸಿರಪ್ ಕುಡೀತೀಯಲ್ಲ, ಅದರ ಜೊತೆಗೆ ಮಾತ್ರ ಇದು ಬೇಡ. ಅದರಲ್ಲಿರುವ ಮೆಗ್ನೀಷಿಯಂ, ಅಲ್ಯುಮಿನಿಯಂ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ, ರಕ್ತಕ್ಕೆ ಸೇರಗೊಡುವುದಿಲ್ಲ. ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ಸಿರಪ್ ಕುಡಿ. ಸಿರಪ್ ಮೊದಲು ಕುಡಿದಿದ್ದರೆ ಮಾತ್ರೆಗೆ ಆರು ಗಂಟೆ ಬಿಡು. ಇನ್ನು ಕೆಮ್ಮು, ಜ್ವರ, ರಾತ್ರಿ ಬೆವರು ಏನೇ ಇದ್ದರೂ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಮುಚ್ಚಿಡಬೇಡ. ಅದು ಟಿಬಿ ಇರಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಬಲ ಕುಗ್ಗಿಸುತ್ತದೆ. ಆಗ ಡೊಲುಟೆಗ್ರಾವಿರನ್ನು ದಿನಕ್ಕೆ ಎರಡು ಸಲ ಕೊಡುತ್ತಾರೆ.

ಮದುವೆ ವಿಷಯ ಎತ್ತಿ ಸುಮ್ಮನಾಗಿಬಿಟ್ಟೆ, ಅಲ್ವಾ? ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ, ನೋಡುತ್ತಾರೆ. ಪರೀಕ್ಷೆಗೆ ಸಿಗದಷ್ಟು ಅದು ಇಳಿದು, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಅಲ್ಲಿಗೆ ಮುಟ್ಟಬೇಕಾದರೆ ಒಂದು ದಿನವೂ ತಪ್ಪಿಸಬೇಡ.

ಇವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ. ನಾನು ದಿನಾ ನುಂಗೋದೂ ಅದೇ ಹೊತ್ತಿಗೆ. ಒಂದು ಲೋಟ ನೀರು ತಂದಿಟ್ಟುಕೊಂಡಿರು.

ನಿನ್ನ ಗೆಳೆಯ